ರೈತ ಉತ್ಪಾದಕ ಕಂಪನಿಗಳಲ್ಲಿ ಇ-ಮೇಲ್ ಖಾತೆ ತೆರೆಯದಿದ್ದಾಗ: ಲಕ್ಷಣ, ಕಾರಣ ಮತ್ತು ಪರಿಹಾರ

ಪೀಠಿಕೆ

ರೈತರೇ ಷೇರುದಾರರಾಗಿ, ರೈತರೇ ನಿರ್ದೇಶಕರಾಗಿ ನಡೆಸುವ ಉತ್ಪಾದಕ ಕಂಪನಿಗೆ ಕಂಪನಿ ಕಾಯ್ದೆಯಲ್ಲಿ ಸ್ಥಾನ ದೊರೆತದ್ದು 2002ರ ತಿದ್ದುಪಡಿಯಿಂದ. ಕೇಂದ್ರ ಸರ್ಕಾರವು 2020ರಲ್ಲಿ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ರಚಿಸುವ ಯೋಜನೆಯನ್ನು ಆರಂಭಿಸಿದ ನಂತರ ಇಂತಹ ಕಂಪನಿಗಳ ಸಂಖ್ಯೆ ಹೆಚ್ಚಿದೆ. ಕಂಪನಿ ಎಂದ ಮೇಲೆ ಅದಕ್ಕೆ ನೋಂದಾಯಿತ ಕಚೇರಿ, ಬ್ಯಾಂಕ್ ಖಾತೆ ಮತ್ತು ಮುದ್ರೆ ಇರುವಂತೆಯೇ ಇ-ಮೇಲ್ ವಿಳಾಸವೂ ಇರಬೇಕು. ಕಂಪನಿ ವ್ಯವಹಾರಗಳ ಸಚಿವಾಲಯದ ಸೂಚನೆಗಳು, ಜಿಎಸ್‌ಟಿ ತಾಣದ ಒಟಿಪಿ, ಬ್ಯಾಂಕಿನ ಪತ್ರಗಳು, ಖರೀದಿದಾರರ ಬೇಡಿಕೆ ಪಟ್ಟಿ ಇವೆಲ್ಲವೂ ಆ ವಿಳಾಸಕ್ಕೇ ಬರುತ್ತವೆ.

ಆದ್ದರಿಂದ ಖಾತೆ ತೆರೆಯದ ಒಂದು ದಿನವೂ ಕಂಪನಿಗೆ ನಷ್ಟದ ದಿನವೇ. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಕೆಂಗೇರಿಯಲ್ಲಿ ಕಚೇರಿ, ತಾವರೆಕೆರೆ ಹೋಬಳಿಯ ಹಳ್ಳಿಯೊಂದರಲ್ಲಿ ಸಂಗ್ರಹಣಾ ಕೇಂದ್ರ, ವಿಜಯನಗರದಲ್ಲಿ ಮಾರಾಟ ಮಳಿಗೆ ಹೊಂದಿರುವ ಕಂಪನಿಯೊಂದಿದೆ. ಬಸವೇಶ್ವರನಗರ ಮತ್ತು ರಾಜಾಜಿನಗರದ ಹೋಟೆಲುಗಳು, ವಸತಿ ಸಮುಚ್ಚಯಗಳು ಮರುದಿನ ಬೇಕಾದ ತರಕಾರಿಯ ಪಟ್ಟಿಯನ್ನು ಸಂಜೆ ಇ-ಮೇಲ್ ಮೂಲಕ ಕಳುಹಿಸುತ್ತವೆ. ಅದನ್ನು ನೋಡಿ ಹಳ್ಳಿಗೆ ತಿಳಿಸಿದ ನಂತರವೇ ಹುರುಳಿಕಾಯಿ, ಹೀರೇಕಾಯಿ, ಸೊಪ್ಪಿನ ಕೊಯ್ಲು. ಆ ಸಂಜೆ ಖಾತೆ ತೆರೆಯಲಿಲ್ಲವೆಂದರೆ ಬೇಡಿಕೆಯಿಲ್ಲದ ಸೊಪ್ಪು ಬುಟ್ಟಿಯಲ್ಲಿ ಬಾಡುತ್ತದೆ. ಬೇಡಿಕೆಯಿರುವ ಹೀರೇಕಾಯಿ ಬಳ್ಳಿಯಲ್ಲೇ ಬಲಿಯುತ್ತದೆ.

ಶಾಸನಬದ್ಧ ಕೆಲಸಗಳಲ್ಲಿ ನಷ್ಟವು ಇನ್ನೂ ಸ್ಪಷ್ಟ. ವಾರ್ಷಿಕ ಲೆಕ್ಕಪತ್ರ ಹಾಗೂ ವಾರ್ಷಿಕ ವಿವರಪತ್ರಗಳನ್ನು ನಿಗದಿತ ಅವಧಿ ಮೀರಿ ಸಲ್ಲಿಸಿದರೆ ಪ್ರತಿ ನಮೂನೆಗೆ ದಿನಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಒಂದೇ ನಮೂನೆ 60 ದಿನ ತಡವಾದರೂ 6,000 ರೂಪಾಯಿ. ಸೂಚನೆ ಬಂದದ್ದೇ ಗೊತ್ತಾಗಲಿಲ್ಲ ಎಂಬ ಕಾರಣಕ್ಕೆ ಷೇರುದಾರರ ಹಣ ಹೀಗೆ ಹೋಗಬಾರದು.

ಇಂತಹ ತೊಂದರೆಯನ್ನು ಗುರುತಿಸುವ ಮತ್ತು ಸರಿಪಡಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಕಂಪ್ಯೂಟರ್ ತಜ್ಞರಲ್ಲದವರೂ ಇದರ ಬಹುಭಾಗವನ್ನು ಸ್ವತಃ ಮಾಡಬಹುದು.

ಲಾಗಿನ್ ಆಗುವಾಗ ನಡೆಯುವುದೇನು?

ಹನಿ ನೀರಾವರಿಯ ಕೊನೆಯ ಗಿಡಕ್ಕೆ ನೀರು ಬರುತ್ತಿಲ್ಲವೆಂದು ಯಾವ ರೈತರೂ ಮೊದಲಿಗೇ ಮೋಟಾರನ್ನು ಬಿಚ್ಚುವುದಿಲ್ಲ. ಪಕ್ಕದ ಸಾಲಿಗೆ ನೀರು ಬರುತ್ತಿದೆಯೇ, ಫಿಲ್ಟರ್ ಕಟ್ಟಿಕೊಂಡಿದೆಯೇ, ಗೇಟ್ ವಾಲ್ವ್ ಮುಚ್ಚಿದೆಯೇ ಎಂದು ನೋಡುತ್ತಾ ಹೋಗುತ್ತಾರೆ. ಇ-ಮೇಲ್ ವಿಷಯದಲ್ಲಿಯೂ ಇದೇ ವಿವೇಕ ಬೇಕು. ತಾವು ಪಾಸ್‌ವರ್ಡ್ ಬರೆದು ಗುಂಡಿ ಒತ್ತಿದಾಗ ಐದು ಕೊಂಡಿಗಳು ಒಂದರ ನಂತರ ಒಂದು ಕೆಲಸ ಮಾಡಬೇಕಾಗುತ್ತದೆ.

1. ತಮ್ಮ ಕಂಪ್ಯೂಟರ್ ಅಥವಾ ಮೊಬೈಲ್: ಕೀಲಿಮಣೆ, ಗಡಿಯಾರ, ಉಳಿಸಿಟ್ಟ ಪಾಸ್‌ವರ್ಡ್.

2. ಕಚೇರಿಯ ಜಾಲ: ವೈಫೈ, ರೂಟರ್, ಅಂತರ್ಜಾಲ ಸಂಪರ್ಕ.

3. ಡೊಮೈನ್ ಹೆಸರು: ಇ-ಮೇಲ್ ವಿಳಾಸದಲ್ಲಿ @ ಚಿಹ್ನೆಯ ನಂತರ ಬರುವ ಭಾಗ. ಯಾವ ಸರ್ವರನ್ನು ತಲುಪಬೇಕೆಂದು ತಿಳಿಸುವುದು ಇದೇ.

4. ಮೇಲ್ ಸರ್ವರ್: ಪತ್ರಗಳನ್ನು ಸಂಗ್ರಹಿಸಿಡುವ ಯಂತ್ರ.

5. ಖಾತೆ: ಸರ್ವರಿನಲ್ಲಿ ತಮ್ಮ ಹೆಸರಿನ ದಾಖಲೆ, ಅದರ ಪಾಸ್‌ವರ್ಡ್ ಹಾಗೂ ಎರಡನೆಯ ಹಂತದ ಪರಿಶೀಲನೆ.

ಯಾವ ಕೊಂಡಿ ಕಳಚಿದರೂ ತಮಗೆ ಕಾಣುವುದು ಒಂದೇ: ಖಾತೆ ತೆರೆಯುತ್ತಿಲ್ಲ. ಬಹಳ ಮಂದಿ ಕೂಡಲೇ ಐದನೆಯ ಕೊಂಡಿಗೆ ಕೈಹಾಕಿ ಪಾಸ್‌ವರ್ಡ್ ಬದಲಾಯಿಸುತ್ತಾರೆ. ದೋಷವು ಬೇರೆಡೆ ಇದ್ದರೆ ಇದರಿಂದ ಪ್ರಯೋಜನವಿಲ್ಲ. ಅಷ್ಟೇ ಅಲ್ಲ, ಅಲ್ಲಿಯವರೆಗೆ ಸರಿಯಾಗಿ ಕೆಲಸ ಮಾಡುತ್ತಿದ್ದ ಇತರ ಮೊಬೈಲು, ಕಂಪ್ಯೂಟರುಗಳೂ ಹಳೆಯ ಪಾಸ್‌ವರ್ಡ್ ಹಿಡಿದುಕೊಂಡು ನಿಂತುಹೋಗುತ್ತವೆ. ಹೀಗೆ ಒಂದು ತೊಂದರೆ ಮೂರಾಗುತ್ತದೆ. ಆದ್ದರಿಂದ ಮೊದಲ ನಿಯಮ: ದೋಷವಿರುವ ಕೊಂಡಿ ಯಾವುದೆಂದು ತಿಳಿಯುವವರೆಗೆ ಪಾಸ್‌ವರ್ಡ್ ಬದಲಿಸಬಾರದು. ಖಾತೆ ಕಳವಾಗಿದೆ ಎಂಬ ಅನುಮಾನವಿದ್ದರೆ ಮಾತ್ರ ಈ ನಿಯಮ ಅನ್ವಯಿಸದು. ಅದನ್ನು ಮುಂದೆ ವಿವರಿಸಲಾಗಿದೆ.

ಮೊದಲು ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು

ಒಂದು: ತೊಂದರೆ ಒಬ್ಬರಿಗೋ, ಎಲ್ಲರಿಗೋ? ಕೆಂಗೇರಿ ಕಚೇರಿಯಲ್ಲಿ ಖಾತೆ ತೆರೆಯದಿದ್ದಾಗ ವಿಜಯನಗರದ ಮಳಿಗೆಗೆ ದೂರವಾಣಿ ಕರೆ ಮಾಡಿ, ಅಲ್ಲಿನ ಸಿಬ್ಬಂದಿಗೆ ಅವರ ಖಾತೆ ತೆರೆಯುತ್ತಿದೆಯೇ ಎಂದು ವಿಚಾರಿಸಬೇಕು. ಅಲ್ಲಿ ತೆರೆಯುತ್ತಿದ್ದರೆ ಸರ್ವರ್ ಮತ್ತು ಡೊಮೈನ್ ಸರಿಯಾಗಿವೆ ಎಂದರ್ಥ. ಎಲ್ಲೆಡೆಯೂ ಒಂದೇ ಹೊತ್ತಿಗೆ ನಿಂತಿದ್ದರೆ ದೋಷವು ಮೂರನೆಯ ಅಥವಾ ನಾಲ್ಕನೆಯ ಕೊಂಡಿಯಲ್ಲಿದೆ.

ಎರಡು: ತೊಂದರೆ ಒಂದೇ ಯಂತ್ರದಲ್ಲೋ, ಎಲ್ಲ ಯಂತ್ರಗಳಲ್ಲೋ? ಅದೇ ಖಾತೆಯನ್ನು ಬೇರೊಂದು ಮೊಬೈಲಿನ ಬ್ರೌಸರಿನಲ್ಲಿ ಒಮ್ಮೆ ತೆರೆದು ನೋಡಬೇಕು. ಅಲ್ಲಿ ತೆರೆದರೆ ಪಾಸ್‌ವರ್ಡ್ ಸರಿಯಿದೆ, ದೋಷ ಮೊದಲ ಯಂತ್ರದ್ದು.

ಮೂರು: ತೊಂದರೆ ಕಚೇರಿಯ ವೈಫೈನಲ್ಲಿ ಮಾತ್ರವೋ? ವೈಫೈ ಆರಿಸಿ, ಮೊಬೈಲ್ ಡೇಟಾ ಮೂಲಕ ಪ್ರಯತ್ನಿಸಬೇಕು. ಆಗ ಖಾತೆ ತೆರೆದರೆ ದೋಷವು ಕಚೇರಿಯ ಜಾಲದಲ್ಲಿದೆ, ಅಥವಾ ಸರ್ವರ್ ಆ ಕಚೇರಿಯ ಜಾಲವಿಳಾಸವನ್ನು ತಡೆಹಿಡಿದಿದೆ.

ಈ ಮೂರು ಪರೀಕ್ಷೆಗಳಿಗೆ ಹತ್ತು ನಿಮಿಷ ಸಾಕು. ಫಲಿತಾಂಶವನ್ನು ಹಾಗೂ ತೆರೆಯ ಮೇಲೆ ಕಂಡ ಸಂದೇಶವನ್ನು ಅಕ್ಷರಶಃ ಒಂದು ಹಾಳೆಯಲ್ಲಿ ಬರೆದಿಡಬೇಕು, ಅಥವಾ ತೆರೆಯ ಛಾಯಾಚಿತ್ರ ತೆಗೆದಿಡಬೇಕು. ರೋಗಪೀಡಿತ ಎಲೆಯನ್ನು ನೋಡದೆ ಸಸ್ಯರೋಗ ತಜ್ಞರು ಔಷಧಿ ಹೇಳಲಾರರು. ಸಂದೇಶ ನೋಡದೆ ತಂತ್ರಜ್ಞರೂ ಪರಿಹಾರ ಹೇಳಲಾರರು.

ಲಕ್ಷಣಗಳು ಮತ್ತು ಪರಿಹಾರ

ಲಕ್ಷಣ 1: ‘ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ತಪ್ಪಾಗಿದೆ’ ಎಂಬ ಸಂದೇಶ

ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಚುಕ್ಕೆಗಳು ಮಾತ್ರ ಕಾಣುವುದರಿಂದ ಏನು ಬರೆದಿದ್ದೇವೆಂದು ತಿಳಿಯುವುದಿಲ್ಲ. ನಮ್ಮ ಕಚೇರಿಗಳಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ನುಡಿ ತಂತ್ರಾಂಶದಲ್ಲಿ ಅಥವಾ ವಿಂಡೋಸ್‌ನ ಕನ್ನಡ ಕೀಲಿಮಣೆಯಲ್ಲಿ ಪತ್ರ ಬರೆದವರು ಇಂಗ್ಲಿಷ್‌ಗೆ ಮರಳಲು ಮರೆತರೆ ಪಾಸ್‌ವರ್ಡ್ ಕನ್ನಡ ಅಕ್ಷರಗಳಲ್ಲಿಯೇ ಬೀಳುತ್ತದೆ. ಚುಕ್ಕೆಗಳು ಆ ತಪ್ಪನ್ನು ಮರೆಮಾಡುತ್ತವೆ. ಪರಿಹಾರ ಸರಳ. ನೋಟ್‌ಪ್ಯಾಡ್ ತೆರೆದು ಪಾಸ್‌ವರ್ಡನ್ನು ಅಲ್ಲಿ ಒಮ್ಮೆ ಬರೆದು ಕಣ್ಣಾರೆ ನೋಡಬೇಕು. ನಂತರ ಉಳಿಸದೆ ಅಳಿಸಬೇಕು. ಕ್ಯಾಪ್ಸ್ ಲಾಕ್ ಹೊತ್ತಿಕೊಂಡಿದೆಯೇ, ನಮ್ ಲಾಕ್ ಆರಿದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಬಳಕೆದಾರರ ಹೆಸರಿನಲ್ಲಿಯೂ ತಪ್ಪಾಗುವುದುಂಟು. ಬಹುತೇಕ ಸರ್ವರುಗಳಿಗೆ @ ಚಿಹ್ನೆಯೊಂದಿಗೆ ಪೂರ್ಣ ವಿಳಾಸ ಬೇಕು. ಮೊದಲ ಭಾಗ ಮಾತ್ರ ಬರೆದರೆ ನಿರಾಕರಿಸುತ್ತವೆ. ವಾಟ್ಸಾಪ್‌ನಿಂದ ನಕಲು ಮಾಡಿ ಅಂಟಿಸಿದಾಗ ವಿಳಾಸದ ಅಥವಾ ಪಾಸ್‌ವರ್ಡಿನ ಹಿಂದೆಮುಂದೆ ಖಾಲಿ ಜಾಗ ಸೇರಿಕೊಳ್ಳುವುದೂ ಸಾಮಾನ್ಯ.

ಲಕ್ಷಣ 2: ಬ್ರೌಸರಿನಲ್ಲಿ ತೆರೆಯುತ್ತದೆ, ಔಟ್‌ಲುಕ್ ಅಥವಾ ಮೊಬೈಲ್ ಆ್ಯಪ್‌ನಲ್ಲಿ ತೆರೆಯುವುದಿಲ್ಲ

ಖಾತೆ ಆರೋಗ್ಯವಾಗಿದೆ, ಆ್ಯಪ್‌ನ ಜೋಡಣೆ ಕೆಟ್ಟಿದೆ ಎಂದು ತಿಳಿಯಬೇಕು. ಹಳೆಯ ಆ್ಯಪ್‌ಗಳು ಖಾತೆಯ ಮುಖ್ಯ ಪಾಸ್‌ವರ್ಡನ್ನೇ ನೇರವಾಗಿ ಸರ್ವರಿಗೆ ಕೊಡುತ್ತಿದ್ದವು. ಭದ್ರತೆಯ ದೃಷ್ಟಿಯಿಂದ ಗೂಗಲ್ ಸಂಸ್ಥೆಯು ವೈಯಕ್ತಿಕ ಖಾತೆಗಳಲ್ಲಿ ಈ ವಿಧಾನವನ್ನು 2022ರ ಮೇ 30ರಿಂದ ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್ ಸೇವೆಯಲ್ಲಿ 2022ರ ಅಕ್ಟೋಬರ್‌ನಿಂದ ನಿಲ್ಲಿಸತೊಡಗಿತು. ಆದ್ದರಿಂದ ಆ್ಯಪ್‌ನ ಹೊಸ ಆವೃತ್ತಿಯನ್ನು ಅಳವಡಿಸಿ, ಖಾತೆಯನ್ನು ತೆಗೆದು ಮರಳಿ ಸೇರಿಸುವುದು ಸರಿಯಾದ ಕ್ರಮ. ಹಳೆಯ ಆ್ಯಪ್ ಅನ್ನೇ ಬಳಸಬೇಕಾದಲ್ಲಿ, ಜಿಮೇಲ್‌ನಲ್ಲಿ ಎರಡು ಹಂತದ ಪರಿಶೀಲನೆಯನ್ನು ಆರಂಭಿಸಿದ ನಂತರ 16 ಅಕ್ಷರಗಳ ಪ್ರತ್ಯೇಕ ‘ಆ್ಯಪ್ ಪಾಸ್‌ವರ್ಡ್’ ಪಡೆಯಬಹುದು. ಮುಖ್ಯ ಪಾಸ್‌ವರ್ಡನ್ನು ಬದಲಿಸಿದರೆ ಈ ಆ್ಯಪ್ ಪಾಸ್‌ವರ್ಡ್‌ಗಳೂ ರದ್ದಾಗುತ್ತವೆ ಎಂಬುದನ್ನು ನೆನಪಿಡಬೇಕು.

ಕಂಪನಿಗೆ ಸ್ವಂತ ಡೊಮೈನ್ ಇದ್ದರೆ ಆ್ಯಪ್‌ನಲ್ಲಿ ಸರ್ವರಿನ ಹೆಸರು ಮತ್ತು ಪೋರ್ಟ್ ಸಂಖ್ಯೆಯನ್ನು ಪರಿಶೀಲಿಸಬೇಕು. ಸುರಕ್ಷಿತ ಸಂಪರ್ಕದಲ್ಲಿ ಪತ್ರ ಪಡೆಯಲು ಐಮ್ಯಾಪ್ ವಿಧಾನಕ್ಕೆ 993, ಪಾಪ್ ವಿಧಾನಕ್ಕೆ 995. ಕಳುಹಿಸಲು 587 ಅಥವಾ 465. ಕಳುಹಿಸುವ ಪೋರ್ಟ್ 25 ಎಂದಿದ್ದರೆ ಬದಲಿಸಬೇಕು. ಅನಪೇಕ್ಷಿತ ಪತ್ರಗಳನ್ನು ತಡೆಯಲು ಅನೇಕ ಅಂತರ್ಜಾಲ ಸೇವಾದಾರರು ಅದನ್ನು ಮುಚ್ಚಿರುತ್ತಾರೆ. ಹಲವು ಕಡೆ ಕೆಲಸ ಮಾಡುವ ಕಂಪನಿಗೆ ಐಮ್ಯಾಪ್ ಸೂಕ್ತ. ಪಾಪ್ ವಿಧಾನದಲ್ಲಿ ಒಂದು ಯಂತ್ರವು ಪತ್ರಗಳನ್ನು ಇಳಿಸಿಕೊಂಡು ಸರ್ವರಿನಿಂದ ಅಳಿಸಿಬಿಡಬಹುದು. ಆಗ ಕೆಂಗೇರಿಯಲ್ಲಿ ಓದಿದ ಬೇಡಿಕೆ ಪಟ್ಟಿ ವಿಜಯನಗರದಲ್ಲಿ ಕಾಣುವುದೇ ಇಲ್ಲ.

ಲಕ್ಷಣ 3: ಪಾಸ್‌ವರ್ಡ್ ಸರಿಯಿದ್ದರೂ ಖಾತೆ ಮತ್ತೆ ಮತ್ತೆ ‘ಲಾಕ್’ ಆಗುತ್ತದೆ

ಕಂಪನಿಯ ಸರ್ವರುಗಳಲ್ಲಿ ಅತಿ ಹೆಚ್ಚು ಕಾಲ ಹಿಡಿಯುವ ತೊಂದರೆ ಇದು. ಪಾಸ್‌ವರ್ಡ್ ಬದಲಿಸಿದ ದಿನವೋ ಮರುದಿನವೋ ಇದು ಕಾಣಿಸಿಕೊಳ್ಳುತ್ತದೆ. ಕಚೇರಿಯಲ್ಲಿ ಹೊಸ ಪಾಸ್‌ವರ್ಡ್ ಹಾಕಿರುತ್ತೇವೆ. ಆದರೆ ನಿರ್ದೇಶಕರೊಬ್ಬರ ಮೊಬೈಲು, ಸಂಗ್ರಹಣಾ ಕೇಂದ್ರದ ಟ್ಯಾಬ್, ಸ್ಕ್ಯಾನ್ ಮಾಡಿ ಇ-ಮೇಲ್ ಕಳುಹಿಸುವ ಜೆರಾಕ್ಸ್ ಯಂತ್ರ, ರಾಜಾಜಿನಗರದಲ್ಲಿರುವ ಲೆಕ್ಕಪರಿಶೋಧಕರ ಕಂಪ್ಯೂಟರ್, ಇವುಗಳಲ್ಲಿ ಹಳೆಯ ಪಾಸ್‌ವರ್ಡ್ ಉಳಿದಿರುತ್ತದೆ. ಅವು ಕೆಲವು ನಿಮಿಷಗಳಿಗೊಮ್ಮೆ ತಾವಾಗಿಯೇ ಸರ್ವರನ್ನು ತಟ್ಟುತ್ತಿರುತ್ತವೆ. ಇಷ್ಟು ಬಾರಿ ತಪ್ಪು ಪಾಸ್‌ವರ್ಡ್ ಬಂತೆಂದು ಸರ್ವರ್ ಖಾತೆಯನ್ನು ಮುಚ್ಚುತ್ತದೆ. ಬಿಡಿಸಿದರೆ ಅರ್ಧ ಗಂಟೆಯಲ್ಲಿ ಪುನಃ ಮುಚ್ಚುತ್ತದೆ.

ಪರಿಹಾರಕ್ಕಾಗಿ ಆ ಖಾತೆಯನ್ನು ಬಳಸುವ ಎಲ್ಲ ಯಂತ್ರಗಳ ಪಟ್ಟಿ ಮಾಡಬೇಕು. ಎಲ್ಲದರಲ್ಲಿಯೂ ಖಾತೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಸರ್ವರಿನಲ್ಲಿ ಲಾಕ್ ಬಿಡಿಸಿ, ಒಂದೊಂದೇ ಯಂತ್ರದಲ್ಲಿ ಹೊಸ ಪಾಸ್‌ವರ್ಡ್ ಹಾಕುತ್ತಾ ಬರಬೇಕು. ಯಾವ ಯಂತ್ರ ಸೇರಿದ ಮೇಲೆ ಲಾಕ್ ಬೀಳುತ್ತದೆಯೋ ದೋಷ ಅದರಲ್ಲಿದೆ. ಬಳಸದೆ ಮಕ್ಕಳ ಕೈಗೆ ಕೊಟ್ಟಿರುವ ಹಳೆಯ ಮೊಬೈಲನ್ನೂ ಪಟ್ಟಿಯಲ್ಲಿ ಸೇರಿಸಲು ಮರೆಯಬಾರದು.

ಲಕ್ಷಣ 4: ಒಂದು ಕಚೇರಿಯಲ್ಲಿ ಯಾರಿಗೂ ತೆರೆಯುವುದಿಲ್ಲ, ಹೊರಗೆ ಎಲ್ಲರಿಗೂ ತೆರೆಯುತ್ತದೆ

ಇತರ ಜಾಲತಾಣಗಳೂ ತೆರೆಯದಿದ್ದರೆ ಅಂತರ್ಜಾಲ ಸಂಪರ್ಕವೇ ಇಲ್ಲ. ರೂಟರನ್ನು ಆರಿಸಿ ಒಂದು ನಿಮಿಷದ ನಂತರ ಹಾಕಿ ನೋಡಬೇಕು. ಇತರ ತಾಣಗಳು ತೆರೆದು ಇ-ಮೇಲ್ ಮಾತ್ರ ತೆರೆಯದಿದ್ದರೆ, ಸರ್ವರ್ ತಮ್ಮ ಕಚೇರಿಯ ಜಾಲವಿಳಾಸವನ್ನು ತಡೆದಿರುವ ಸಾಧ್ಯತೆ ಹೆಚ್ಚು. ಒಂದೇ ರೂಟರಿನ ಹಿಂದಿರುವ ಎಲ್ಲ ಯಂತ್ರಗಳೂ ಹೊರಜಗತ್ತಿಗೆ ಒಂದೇ ವಿಳಾಸದಿಂದ ಕಾಣುತ್ತವೆ. ಒಬ್ಬರ ಮೊಬೈಲು ಹಳೆಯ ಪಾಸ್‌ವರ್ಡಿನಿಂದ ತಟ್ಟುತ್ತಿದ್ದರೆ ಅದರ ದಂಡವನ್ನು ಇಡೀ ಕಚೇರಿ ತೆರಬೇಕಾಗುತ್ತದೆ. ತಟ್ಟುತ್ತಿರುವ ಯಂತ್ರವನ್ನು ಮೊದಲು ಹುಡುಕಿ ನಿಲ್ಲಿಸಿ, ಅನಂತರ ಸರ್ವರ್ ಸೇವಾದಾರರಿಗೆ ತಡೆ ತೆರವು ಮಾಡುವಂತೆ ಕೋರಬೇಕು. ಅಲ್ಲಿಯವರೆಗೆ ಮೊಬೈಲ್ ಡೇಟಾ ಮೂಲಕ ಬೇಡಿಕೆ ಪಟ್ಟಿ ನೋಡುವ ಕೆಲಸ ನಡೆಸಬಹುದು.

ಲಕ್ಷಣ 5: ‘ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ

ಮೊದಲು ಕಂಪ್ಯೂಟರಿನ ಮೂಲೆಯಲ್ಲಿರುವ ದಿನಾಂಕ ನೋಡಬೇಕು. ಹಳೆಯ ಕಂಪ್ಯೂಟರಿನ ಒಳಗಿರುವ ಗುಂಡಿಯಾಕಾರದ ಬ್ಯಾಟರಿ ಮುಗಿದಿದ್ದರೆ, ವಿದ್ಯುತ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಸರ್ವರಿನ ಭದ್ರತಾ ಪ್ರಮಾಣಪತ್ರಕ್ಕೆ ಆರಂಭ ಮತ್ತು ಅಂತ್ಯದ ದಿನಾಂಕಗಳಿರುವುದರಿಂದ, ಗಡಿಯಾರ ತಪ್ಪಿದ ಕಂಪ್ಯೂಟರಿಗೆ ಸರಿಯಾದ ಪ್ರಮಾಣಪತ್ರವೂ ಸುಳ್ಳಾಗಿ ಕಾಣುತ್ತದೆ. ಮೊಬೈಲ್ ದೃಢೀಕರಣ ಆ್ಯಪ್ ತೋರಿಸುವ 6 ಅಂಕಿಗಳ ಸಂಕೇತವೂ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಮೊಬೈಲಿನ ಗಡಿಯಾರ ಹೆಚ್ಚುಕಡಿಮೆಯಾದರೆ ಆ ಸಂಕೇತವನ್ನು ಸರ್ವರ್ ಒಪ್ಪುವುದಿಲ್ಲ. ದಿನಾಂಕ, ಸಮಯವನ್ನು ‘ಸ್ವಯಂಚಾಲಿತ’ ಎಂದು ಹೊಂದಿಸಿ, ಬ್ಯಾಟರಿ ಬದಲಿಸಿದರೆ ತೊಂದರೆ ನಿವಾರಣೆಯಾಗುತ್ತದೆ.

ದಿನಾಂಕ ಸರಿಯಿದ್ದೂ ಎಚ್ಚರಿಕೆ ಬಂದರೆ ‘ಆದರೂ ಮುಂದುವರಿಯಿರಿ’ ಎಂಬುದನ್ನು ಒತ್ತಬಾರದು, ಪಾಸ್‌ವರ್ಡ್ ಬರೆಯಬಾರದು. ಸರ್ವರಿನ ಪ್ರಮಾಣಪತ್ರದ ಅವಧಿ ಮುಗಿದಿರಬಹುದು ಅಥವಾ ತಾಣವೇ ನಕಲಿಯಾಗಿರಬಹುದು. ವಿಳಾಸವನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸಿ ತಂತ್ರಜ್ಞರಿಗೆ ತಿಳಿಸಬೇಕು.

ಲಕ್ಷಣ 6: ಎಲ್ಲ ಕಡೆಯೂ ಏಕಕಾಲಕ್ಕೆ ನಿಂತಿದೆ, ಕಂಪನಿಯ ಜಾಲತಾಣವೂ ತೆರೆಯುವುದಿಲ್ಲ

ಡೊಮೈನ್ ಹೆಸರಿನ ಅವಧಿ ಮುಗಿದಿದೆಯೇ ನೋಡಬೇಕು. ಡೊಮೈನ್ ಎಂಬುದು ಕೊಂಡ ಜಮೀನಲ್ಲ, ಗೇಣಿಗೆ ಪಡೆದ ಜಮೀನಿನಂತೆ. ಅವಧಿಗೆ ಸರಿಯಾಗಿ ನವೀಕರಿಸಬೇಕು. ನವೀಕರಣದ ನೆನಪೋಲೆಗಳು ಜಾಲತಾಣ ಮಾಡಿಕೊಟ್ಟವರ ಇ-ಮೇಲ್‌ಗೆ ಹೋಗುತ್ತಿದ್ದರೆ ಕಂಪನಿಗೆ ಸುದ್ದಿಯೇ ತಿಳಿಯದು. ಡೊಮೈನ್ ನೋಂದಣಿಯು ಕಂಪನಿಯ ಹೆಸರಿನಲ್ಲಿರಬೇಕು. ಅದರ ಸಂಪರ್ಕ ಇ-ಮೇಲ್ ಅದೇ ಡೊಮೈನಿನದಾಗಿರದೆ ಬೇರೆ ಸೇವೆಯ ವಿಳಾಸವಾಗಿರಬೇಕು. ಇಲ್ಲವಾದರೆ ಡೊಮೈನ್ ನಿಂತ ದಿನ ಅದನ್ನು ಬಿಡಿಸಿಕೊಳ್ಳುವ ದಾರಿಯೂ ಮುಚ್ಚುತ್ತದೆ.

ಲಕ್ಷಣ 7: ಖಾತೆ ತೆರೆಯುತ್ತದೆ, ಆದರೆ ಹೊಸ ಪತ್ರ, ಒಟಿಪಿ ಬರುವುದಿಲ್ಲ

ಇದು ಲಾಗಿನ್ ತೊಂದರೆಯಲ್ಲ, ಜಾಗದ ತೊಂದರೆ. ಉಚಿತ ಗೂಗಲ್ ಖಾತೆಗೆ ಇ-ಮೇಲ್, ಡ್ರೈವ್, ಫೋಟೊಗಳೆಲ್ಲ ಸೇರಿ 15 ಜಿಬಿ ಜಾಗ. ಕಂಪನಿಯ ಖಾತೆಯನ್ನು ಮೊಬೈಲಿಗೆ ಜೋಡಿಸಿದಾಗ ಕಾರ್ಯಕ್ರಮಗಳ ಚಿತ್ರ, ವಿಡಿಯೊಗಳೆಲ್ಲ ಅದಕ್ಕೇ ಏರಿ ಜಾಗ ತುಂಬುತ್ತದೆ. ತುಂಬಿದ ಖಾತೆಗೆ ಬಂದ ಪತ್ರ ಹಿಂದಿರುಗುತ್ತದೆ. ಫೋಟೊ ಬ್ಯಾಕಪ್ ನಿಲ್ಲಿಸಿ, ದೊಡ್ಡ ಕಡತಗಳನ್ನು ಹಾರ್ಡ್ ಡಿಸ್ಕಿಗೆ ವರ್ಗಾಯಿಸಿ ಅಳಿಸಬೇಕು. ಅಳಿಸಿದವು ಇರುವ ಕಸದ ಪೆಟ್ಟಿಗೆಯನ್ನೂ ಖಾಲಿ ಮಾಡಬೇಕು. ‘ಸ್ಪ್ಯಾಮ್’ ಪೆಟ್ಟಿಗೆಯಲ್ಲಿ ಪತ್ರ ಕುಳಿತಿದೆಯೇ ಎಂಬುದನ್ನೂ ನೋಡಬೇಕು.

ಕಂಪನಿಗೆ ಸ್ವಂತ ಸರ್ವರ್ ಇದ್ದಲ್ಲಿ

ಕೆಲವು ಕಂಪನಿಗಳು ಕಚೇರಿಯಲ್ಲಿಯೇ ಸರ್ವರ್ ಇಟ್ಟುಕೊಂಡಿರುತ್ತವೆ ಅಥವಾ ಬಾಡಿಗೆಗೆ ಪಡೆದಿರುತ್ತವೆ. ಅದನ್ನು ನೋಡಿಕೊಳ್ಳುವ ತಂತ್ರಜ್ಞರಿಂದ ಈ ಕೆಳಗಿನ ಅಂಶಗಳನ್ನು ಪರಿಶೀಲಿಸಿಸಬೇಕು.

ಅ) ಡಿಸ್ಕ್ ತುಂಬಿದೆಯೇ? ತುಂಬಿದ ಡಿಸ್ಕಿನಲ್ಲಿ ಸರ್ವರ್ ತಾತ್ಕಾಲಿಕ ಕಡತಗಳನ್ನು ಬರೆಯಲಾರದೆ, ಸರಿಯಾದ ಪಾಸ್‌ವರ್ಡನ್ನೂ ನಿರಾಕರಿಸಬಹುದು.

ಆ) ವಿದ್ಯುತ್ ಹೋಗಿ ಬಂದ ನಂತರ ಮೇಲ್ ಸೇವೆ ತಾನಾಗಿಯೇ ಆರಂಭಗೊಂಡಿದೆಯೇ? ಸರ್ವರಿಗೆ ಯುಪಿಎಸ್ ಕಡ್ಡಾಯ.

ಇ) ಭದ್ರತಾ ಪ್ರಮಾಣಪತ್ರದ ಅವಧಿ ಯಾವಾಗ ಮುಗಿಯುತ್ತದೆ? ಲೆಟ್ಸ್ ಎನ್‌ಕ್ರಿಪ್ಟ್ ನೀಡುತ್ತಾ ಬಂದಿರುವ ಉಚಿತ ಪ್ರಮಾಣಪತ್ರಗಳು 90 ದಿನಗಳವು; ಸ್ವಯಂ ನವೀಕರಣ ನಿಂತಿದ್ದರೆ ಒಂದು ಬೆಳಿಗ್ಗೆ ಎಲ್ಲರಿಗೂ ಎಚ್ಚರಿಕೆ ಬರುತ್ತದೆ.

ಈ) ದಾಖಲೆ ಕಡತದಲ್ಲಿ ವಿಫಲ ಪ್ರಯತ್ನಗಳು ಯಾವ ವಿಳಾಸದಿಂದ ಬಂದಿವೆ? ವಿಂಡೋಸ್ ಡೊಮೈನ್ ಜಾಲದಲ್ಲಿ ಖಾತೆ ಲಾಕ್ ಆದಾಗ 4740 ಸಂಖ್ಯೆಯ ದಾಖಲೆ ಮೂಡುತ್ತದೆ; ಲಾಕ್‌ಗೆ ಕಾರಣವಾದ ಕಂಪ್ಯೂಟರಿನ ಹೆಸರು ಅದರಲ್ಲಿರುತ್ತದೆ. ಮೂರನೆಯ ಲಕ್ಷಣದಲ್ಲಿ ಹೇಳಿದ ಹುಡುಕಾಟ ಇದರಿಂದ ನಿಮಿಷಗಳಲ್ಲಿ ಮುಗಿಯುತ್ತದೆ.

ಉ) ಇಂತಹ ಜಾಲದಲ್ಲಿ ಸರ್ವರ್ ಮತ್ತು ಕಂಪ್ಯೂಟರುಗಳ ಗಡಿಯಾರದ ನಡುವೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೂ ಲಾಗಿನ್ ವಿಫಲವಾಗುತ್ತದೆ. ಪಾಸ್‌ವರ್ಡಿನ ಅವಧಿ ಮುಗಿದಿದೆಯೇ ಎಂಬುದನ್ನೂ ನೋಡಬೇಕು.

ಖಾತೆ ಯಾರದು? ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ

ಮೇಲಿನ ತೊಂದರೆಗಳೆಲ್ಲ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬಗೆಹರಿಯುತ್ತವೆ. ತಿಂಗಳುಗಟ್ಟಲೆ ಕಾಡುವ ತೊಂದರೆ ಬೇರೆಯದು: ಪಾಸ್‌ವರ್ಡ್ ತಿಳಿದಿದ್ದ ಒಬ್ಬರೇ ವ್ಯಕ್ತಿ ಕಂಪನಿಯನ್ನು ಬಿಟ್ಟು ಹೋಗಿರುವುದು.

ಇದು ಹೇಗಾಗುತ್ತದೆ ಎಂಬುದನ್ನು ಗಮನಿಸಿ. ಕಂಪನಿ ನೋಂದಣಿಯ ಅವಸರದಲ್ಲಿ ಯಾರೋ ಒಬ್ಬರು ತಮ್ಮ ಮೊಬೈಲಿನಲ್ಲಿ ಹೊಸ ಜಿಮೇಲ್ ಖಾತೆ ತೆರೆಯುತ್ತಾರೆ. ಮರುಪ್ರಾಪ್ತಿಗೆ ತಮ್ಮದೇ ಮೊಬೈಲ್ ಸಂಖ್ಯೆ ಕೊಡುತ್ತಾರೆ. 10,000 ಸಂಸ್ಥೆಗಳ ಯೋಜನೆಯಲ್ಲಿ ಪ್ರತಿ ಸಂಸ್ಥೆಗೆ 3 ವರ್ಷಗಳವರೆಗೆ ಗರಿಷ್ಠ 18 ಲಕ್ಷ ರೂಪಾಯಿ ನಿರ್ವಹಣಾ ನೆರವು ದೊರೆಯುತ್ತದೆ. ಮುಖ್ಯ ಕಾರ್ಯನಿರ್ವಹಣಾಧಿಕಾರಿ ಮತ್ತು ಲೆಕ್ಕಿಗರ ವೇತನಕ್ಕೆ ಅದೇ ಆಧಾರ. ನೆರವಿನ ಅವಧಿ ಮುಗಿದಾಗ ಸಿಬ್ಬಂದಿ ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ. ಬೀಗದ ಕೈ, ಚೆಕ್ ಪುಸ್ತಕ, ನಡಾವಳಿ ಪುಸ್ತಕಗಳನ್ನು ಹಸ್ತಾಂತರಿಸುತ್ತಾರೆ. ಇ-ಮೇಲ್ ಯಾರ ನೆನಪಿಗೂ ಬರುವುದಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ. ಆರು ತಿಂಗಳ ನಂತರ ಹೊಸ ಅಧಿಕಾರಿ ಲಾಗಿನ್ ಮಾಡಲು ಹೊರಟಾಗ ಒಟಿಪಿ ಹಳೆಯವರ ಮೊಬೈಲಿಗೆ ಹೋಗುತ್ತದೆ. ಆ ಸಿಮ್ ರೀಚಾರ್ಜ್ ಆಗದೆ ನಿಷ್ಕ್ರಿಯವಾಗಿದ್ದರೆ ಆ ಸಂಖ್ಯೆ ಬೇರೊಬ್ಬ ಅಪರಿಚಿತರಿಗೆ ಹಂಚಿಕೆಯಾಗಿಯೂ ಇರಬಹುದು. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಿಹಾಕುವ ನೀತಿಯನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಕಂಪನಿಯ ಪತ್ರವ್ಯವಹಾರವೆಲ್ಲ ಆಗ ಮರಳಿ ಬಾರದಂತೆ ಹೋಗುತ್ತದೆ.

ಈಗಾಗಲೇ ಹೀಗಾಗಿದ್ದರೆ ಮಾಡಬೇಕಾದುದು:

1. ಹಿಂದಿನ ಅಧಿಕಾರಿಯನ್ನು ಸೌಜನ್ಯದಿಂದ ಸಂಪರ್ಕಿಸಿ, ಅವರನ್ನೇ ಕಚೇರಿಗೆ ಕರೆಸಿ, ಅವರ ಎದುರಿನಲ್ಲಿಯೇ ಪಾಸ್‌ವರ್ಡ್, ಮರುಪ್ರಾಪ್ತಿ ಸಂಖ್ಯೆ ಮತ್ತು ಮರುಪ್ರಾಪ್ತಿ ಇ-ಮೇಲ್ ಮೂರನ್ನೂ ಬದಲಿಸಿಕೊಳ್ಳಬೇಕು.

2. ಅದು ಸಾಧ್ಯವಾಗದಿದ್ದರೆ, ಆ ಖಾತೆಯನ್ನು ಹಿಂದೆ ಬಳಸುತ್ತಿದ್ದ ಅದೇ ಕಂಪ್ಯೂಟರಿನಿಂದ, ಅದೇ ಕಚೇರಿಯ ಜಾಲದಿಂದ ಖಾತೆ ಮರುಪ್ರಾಪ್ತಿಗೆ ಪ್ರಯತ್ನಿಸಬೇಕು. ಪರಿಚಿತ ಯಂತ್ರ ಮತ್ತು ಸ್ಥಳವನ್ನು ಸೇವಾದಾರರು ಪರಿಗಣಿಸುತ್ತಾರೆ. ಆದ್ದರಿಂದ ಆ ಕಂಪ್ಯೂಟರನ್ನು ಅದಕ್ಕೂ ಮೊದಲು ಫಾರ್ಮ್ಯಾಟ್ ಮಾಡಬಾರದು.

3. ಸ್ವಂತ ಡೊಮೈನಿನ ಖಾತೆಯಾಗಿದ್ದರೆ ಚಿಂತೆಯಿಲ್ಲ. ಆಡಳಿತ ಖಾತೆಯಿಂದ ಯಾವ ಸಿಬ್ಬಂದಿಯ ಪಾಸ್‌ವರ್ಡನ್ನಾದರೂ ಮರುಹೊಂದಿಸಬಹುದು.

4. ಖಾತೆ ಸಿಗುವುದೇ ಇಲ್ಲವೆಂದಾದರೆ, ಹೊಸ ವಿಳಾಸವನ್ನು ಆಡಳಿತ ಮಂಡಳಿಯ ನಿರ್ಣಯದೊಂದಿಗೆ ಬ್ಯಾಂಕ್, ಜಿಎಸ್‌ಟಿ ಮತ್ತು ಕಂಪನಿ ನೋಂದಣಿ ದಾಖಲೆಗಳಲ್ಲಿ ಬದಲಿಸಿಸಬೇಕು. ಜಿಎಸ್‌ಟಿಯಲ್ಲಿ ನೋಂದಾಯಿತ ಇ-ಮೇಲ್ ಮತ್ತು ಮೊಬೈಲ್ ಎರಡೂ ಕೈತಪ್ಪಿದ್ದರೆ, ದಾಖಲೆಗಳೊಂದಿಗೆ ವ್ಯಾಪ್ತಿಯ ತೆರಿಗೆ ಅಧಿಕಾರಿಯನ್ನು ಭೇಟಿಯಾಗಬೇಕು. ಕಂಪನಿ ದಾಖಲೆಗಳ ಕೆಲಸಕ್ಕೆ ತಮ್ಮ ಕಂಪನಿ ಕಾರ್ಯದರ್ಶಿ ಅಥವಾ ಲೆಕ್ಕಪರಿಶೋಧಕರ ನೆರವು ಪಡೆಯಬೇಕು.

ಮುಂಜಾಗ್ರತಾ ಕ್ರಮಗಳು

1. ಇ-ಮೇಲ್ ಖಾತೆಯನ್ನು ಕಂಪನಿಯ ಆಸ್ತಿ ಎಂದು ಘೋಷಿಸಿ, ಇಬ್ಬರು ಪಾಲಕರನ್ನು ನೇಮಿಸುವ ನಿರ್ಣಯವನ್ನು ಆಡಳಿತ ಮಂಡಳಿ ಸಭೆಯಲ್ಲಿ ಅಂಗೀಕರಿಸಬೇಕು. ಒಬ್ಬರು ಮುಖ್ಯ ಕಾರ್ಯನಿರ್ವಹಣಾಧಿಕಾರಿ, ಮತ್ತೊಬ್ಬರು ನಿರ್ದೇಶಕರಾಗಿರಲಿ.

2. ವಿಳಾಸಗಳು ವ್ಯಕ್ತಿಯ ಹೆಸರಿನಲ್ಲಿರದೆ ಕೆಲಸದ ಹೆಸರಿನಲ್ಲಿರಲಿ: ಕಚೇರಿ, ಲೆಕ್ಕ, ಮಾರಾಟ. ಅಧಿಕಾರಿ ಬದಲಾದರೂ ವಿಳಾಸ ಬದಲಾಗಬೇಕಾಗಿಲ್ಲ.

3. ಮರುಪ್ರಾಪ್ತಿಗೆ ಕಂಪನಿಯ ಹೆಸರಿನಲ್ಲಿ ಪಡೆದ ಸಿಮ್ ಬಳಸಬೇಕು. ಅದರ ರೀಚಾರ್ಜ್ ದಿನಾಂಕವನ್ನು ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಬೇಕು.

4. ಎರಡು ಹಂತದ ಪರಿಶೀಲನೆ ಕಡ್ಡಾಯವಾಗಿ ಇರಲಿ. ಗೂಗಲ್ ನೀಡುವ 10 ಬ್ಯಾಕಪ್ ಸಂಕೇತಗಳನ್ನು ಮುದ್ರಿಸಿ, ಲಕೋಟೆಯಲ್ಲಿ ಮೊಹರು ಮಾಡಿ, ನಡಾವಳಿ ಪುಸ್ತಕವಿರುವ ಬೀರುವಿನಲ್ಲಿಡಬೇಕು. ಪ್ರತಿ ಸಂಕೇತ ಒಮ್ಮೆ ಮಾತ್ರ ಬಳಕೆಗೆ ಬರುತ್ತದೆ.

5. ಖಾತೆ ಬಳಸುವ ಯಂತ್ರಗಳ ಪಟ್ಟಿ, ಡೊಮೈನ್ ನವೀಕರಣದ ದಿನಾಂಕ, ಸರ್ವರ್ ಸೇವಾದಾರರ ದೂರವಾಣಿ ಸಂಖ್ಯೆಗಳನ್ನು ಒಂದು ಪುಟದಲ್ಲಿ ಬರೆದಿಡಬೇಕು. ಪಾಸ್‌ವರ್ಡನ್ನು ಮಾತ್ರ ಆ ಪುಟದಲ್ಲಿ ಬರೆಯಕೂಡದು.

6. ಸಿಬ್ಬಂದಿಯ ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮೊದಲು ಇ-ಮೇಲ್ ಹಸ್ತಾಂತರವಾಗಿದೆ ಎಂದು ಅಧ್ಯಕ್ಷರು ಖಚಿತಪಡಿಸಿಕೊಳ್ಳಬೇಕು.

ವಂಚನೆಯ ಬಗ್ಗೆ ಎಚ್ಚರಿಕೆ

‘ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇಂದೇ ಲಾಗಿನ್ ಆಗದಿದ್ದರೆ ಖಾತೆ ರದ್ದಾಗುತ್ತದೆ’ ಎಂಬಂತಹ ಪತ್ರಗಳಲ್ಲಿರುವ ಕೊಂಡಿಯನ್ನು ಒತ್ತಬಾರದು. ಲಾಗಿನ್ ಪುಟಕ್ಕೆ ಸದಾ ವಿಳಾಸವನ್ನು ತಾವೇ ಬರೆದು ಹೋಗಬೇಕು. ಸಹಾಯ ಮಾಡುತ್ತೇವೆಂದು ಕರೆ ಮಾಡಿದವರಿಗೆ ಒಟಿಪಿ ಹೇಳಬಾರದು. ಅವರು ಹೇಳಿದ ಆ್ಯಪ್ ಅಳವಡಿಸಿ ತಮ್ಮ ತೆರೆಯನ್ನು ಅವರಿಗೆ ತೋರಿಸಬಾರದು.

ತಾವು ಕಳುಹಿಸದ ಪತ್ರಗಳು ‘ಕಳುಹಿಸಿದವು’ ಪೆಟ್ಟಿಗೆಯಲ್ಲಿ ಕಂಡರೆ, ಅಪರಿಚಿತ ಯಂತ್ರದಿಂದ ಲಾಗಿನ್ ಆದ ಸೂಚನೆ ಬಂದರೆ, ಖಾತೆ ಕಳವಾಗಿದೆ ಎಂದೇ ಭಾವಿಸಬೇಕು. ಈ ಸಂದರ್ಭದಲ್ಲಿ ಮಾತ್ರ ಸುರಕ್ಷಿತವಾದ ಬೇರೆ ಯಂತ್ರದಿಂದ ಪಾಸ್‌ವರ್ಡನ್ನು ಕೂಡಲೇ ಬದಲಿಸಬೇಕು. ಎಲ್ಲ ಯಂತ್ರಗಳಿಂದಲೂ ಲಾಗ್ ಔಟ್ ಮಾಡಿಸಬೇಕು. ಬಂದ ಪತ್ರಗಳು ಬೇರೆ ವಿಳಾಸಕ್ಕೆ ತಾನಾಗಿ ಹೋಗುವಂತೆ ಯಾರಾದರೂ ‘ಫಾರ್ವರ್ಡ್’ ನಿಯಮ ಹಾಕಿದ್ದಾರೆಯೇ ಎಂಬುದನ್ನೂ ನೋಡಬೇಕು. ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಉಳಿದುಬಿಡಬಹುದು.

ಕಳವಾದ ಖಾತೆಯಿಂದ ಖರೀದಿದಾರರಿಗೆ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣವನ್ನು ಈ ಹೊಸ ಖಾತೆಗೆ ಹಾಕಿ’ ಎಂದು ಬರೆಯುವುದು ವಂಚಕರ ಪರಿಚಿತ ವಿಧಾನ. ಬ್ಯಾಂಕ್ ವಿವರ ಬದಲಾವಣೆಯನ್ನು ಇ-ಮೇಲ್ ಒಂದರ ಮೇಲೆಯೇ ನಂಬಬಾರದೆಂದು, ಪರಿಚಿತ ದೂರವಾಣಿ ಸಂಖ್ಯೆಗೆ ಕರೆ ಮಾಡಿ ದೃಢಪಡಿಸಿಕೊಳ್ಳಬೇಕೆಂದು ಖರೀದಿದಾರರಿಗೆ ಮೊದಲೇ ತಿಳಿಸಿರಬೇಕು. ಹಣ ಹೋಗಿದ್ದರೆ ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ದೂರು ತಾಣದಲ್ಲಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಕಂಪನಿಗಳಿಗೆ ಭೇಟಿ ನೀಡುವಾಗ ಷೇರು ಬಂಡವಾಳ, ವಹಿವಾಟುಗಳ ಜೊತೆಗೆ ಒಂದು ಪ್ರಶ್ನೆಯನ್ನೂ ಸೇರಿಸಿಕೊಳ್ಳಿ: ‘ಇಂದು ಮುಖ್ಯ ಕಾರ್ಯನಿರ್ವಹಣಾಧಿಕಾರಿ ರಜೆಯಲ್ಲಿದ್ದರೆ ಕಂಪನಿಯ ಇ-ಮೇಲ್ ತೆರೆಯಬಲ್ಲ ಮತ್ತೊಬ್ಬರು ಯಾರು?’ ಉತ್ತರ ತಕ್ಷಣ ಬಾರದಿದ್ದರೆ ಮುಂಜಾಗ್ರತಾ ಕ್ರಮಗಳನ್ನು ಅಂದೇ ಆರಂಭಿಸಿಸಬೇಕು. ಪಾಸ್‌ವರ್ಡನ್ನು ತಾವು ಕೇಳಿ ಪಡೆಯಬಾರದು, ತಮ್ಮ ಮೊಬೈಲಿನಲ್ಲಿ ಕಂಪನಿಯ ಖಾತೆ ತೆರೆಯಲೂಬಾರದು. ಸಹಾಯದ ಹೆಸರಿನಲ್ಲಿ ಖಾತೆಯು ಮತ್ತೊಬ್ಬ ವ್ಯಕ್ತಿಗೆ ಅಂಟಿಕೊಂಡರೆ ಮೂಲ ತೊಂದರೆಯೇ ಮರುಕಳಿಸುತ್ತದೆ.

ಮುಂದಿನ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಸಭೆಯಲ್ಲಿಯೇ ಇಬ್ಬರು ಪಾಲಕರೂ ಬೇರೆ ಬೇರೆ ಯಂತ್ರಗಳಲ್ಲಿ ಖಾತೆ ತೆರೆದು ತೋರಿಸಲಿ. ಇಬ್ಬರಲ್ಲಿ ಒಬ್ಬರಿಗೆ ತೆರೆಯದಿದ್ದರೆ, ಬೇಡಿಕೆ ಪಟ್ಟಿಯಾಗಲಿ ಕೊನೆಯ ದಿನಾಂಕವಾಗಲಿ ಕಾಯುತ್ತಿರದ ಅಂದೇ ಅದನ್ನು ಸರಿಪಡಿಸಿಕೊಳ್ಳಲು ಸಮಯವಿರುತ್ತದೆ.